ಎತ್ತರದ ಬಂಡೆಯ ಮೇಲೆ ಬಲವೂ ಹೆಚ್ಚೇ?

ಪ್ರಶ್ನೆ: ನಾನು ಚಿತ್ರದುರ್ಗದಲ್ಲಿ ಪಿಯುಸಿ ವಿಜ್ಞಾನ ಓದುತ್ತಿದ್ದೇನೆ. ಬೆಟ್ಟದ ಬುಡದಲ್ಲಿರುವ ಬಂಡೆಗಿಂತ ಕೋಟೆಯ ಮೇಲಿರುವ ಬಂಡೆಗೆ ಪ್ರಚ್ಛನ್ನ ಶಕ್ತಿ ಹೆಚ್ಚು ಎಂದು ಕಲಿತೆವು. ಹಾಗಾದರೆ ಅದನ್ನು ಕೆಳಕ್ಕೆ ಎಳೆಯುವ ಬಲವೂ ಹೆಚ್ಚಿರಬೇಕಲ್ಲವೇ? ಬಲ ಎಂದರೆ ಪ್ರಚ್ಛನ್ನ ಶಕ್ತಿಯ ಋಣ ಅವಕಲನ ಎಂದು ಪುಸ್ತಕದಲ್ಲಿದೆ. ಆ ಋಣ ಚಿಹ್ನೆ ಎಲ್ಲಿಂದ ಬಂತು? ಘರ್ಷಣೆಯೂ ಒಂದು ಬಲವೇ ಆಗಿರುವಾಗ ಅದಕ್ಕೆ ಮಾತ್ರ ಪ್ರಚ್ಛನ್ನ ಶಕ್ತಿ ಏಕಿಲ್ಲ?

ಉತ್ತರ: ಇಲ್ಲ, ಬಲ ಹೆಚ್ಚಿರುವುದಿಲ್ಲ. ನಿಜ ಹೇಳಬೇಕೆಂದರೆ ಕೂದಲೆಳೆಯಷ್ಟು ಕಡಿಮೆಯೇ ಇರುತ್ತದೆ. 50 ಕಿಲೋಗ್ರಾಂ ತೂಗುವ ಕಲ್ಲೊಂದನ್ನು ತೆಗೆದುಕೊಳ್ಳಿ. ನೆಲದ ಮೇಲೆ ಭೂಮಿ ಅದನ್ನು ಸುಮಾರು 490 ನ್ಯೂಟನ್ ಬಲದಿಂದ ಎಳೆಯುತ್ತದೆ. ಅದನ್ನೇ 100 ಮೀಟರ್ ಎತ್ತರಕ್ಕೆ ಒಯ್ದರೆ ಪ್ರಚ್ಛನ್ನ ಶಕ್ತಿ 49,000 ಜೂಲ್ ಏರುತ್ತದೆ, ಆದರೆ ಎಳೆತ ಲಕ್ಷಕ್ಕೆ ಮೂರು ಪಾಲಿನಷ್ಟು ಇಳಿಯುತ್ತದೆ. ಒಂದೂವರೆ ಗ್ರಾಂ ತೂಕದ ವ್ಯತ್ಯಾಸ ಅಷ್ಟೆ. ಶಕ್ತಿ ಬೆಟ್ಟದಷ್ಟು ಏರಿದರೂ ಬಲ ಇದ್ದಲ್ಲೇ ಇದೆ. ಅಂದಮೇಲೆ ಇವೆರಡರ ನಂಟು ನೀವು ಊಹಿಸಿದ ರೀತಿಯದ್ದಲ್ಲ.

ಬಲಕ್ಕೆ ಬೇಕಾಗಿರುವುದು ಶಕ್ತಿ ಎಷ್ಟಿದೆ ಎಂಬುದಲ್ಲ. ಒಂದು ಹೆಜ್ಜೆ ಅತ್ತಿತ್ತ ಸರಿದರೆ ಅದು ಎಷ್ಟು ಬದಲಾಗುತ್ತದೆ ಎಂಬುದು. ಅದೇ ಕಲ್ಲನ್ನು ನೆಲದಿಂದ ಒಂದು ಮೀಟರ್ ಎತ್ತಿದರೆ 490 ಜೂಲ್ ಏರಿಕೆ. 100ನೇ ಮೀಟರಿನಿಂದ 101ನೇ ಮೀಟರಿಗೆ ಎತ್ತಿದರೂ 490 ಜೂಲ್ ಏರಿಕೆಯೇ. ಮೀಟರಿಗೆ 490 ಜೂಲ್ ಎಂದರೂ ಒಂದೇ, 490 ನ್ಯೂಟನ್ ಎಂದರೂ ಒಂದೇ, ಏಕೆಂದರೆ ಜೂಲ್ ಎಂಬುದೇ ನ್ಯೂಟನ್ ಗುಣಿಸು ಮೀಟರ್. ಅವಕಲನ ಎಂಬ ದೊಡ್ಡ ಹೆಸರಿನ ಹಿಂದೆ ಇರುವುದು ಇಷ್ಟೇ: ಶಕ್ತಿಯ ಬದಲಾವಣೆಯನ್ನು ದೂರದಿಂದ ಭಾಗಿಸುವುದು, ಆ ದೂರವನ್ನು ಸಾಧ್ಯವಾದಷ್ಟು ಚಿಕ್ಕದಾಗಿಸಿಕೊಳ್ಳುವುದು.

ಈ ಗೊಂದಲಕ್ಕೆ ನಿಮ್ಮನ್ನು ದೂರಲಾರೆ. ಪ್ರೌಢಶಾಲೆಯಲ್ಲಿ ದ್ರವ್ಯರಾಶಿ, ಗುರುತ್ವ ವೇಗೋತ್ಕರ್ಷ, ಎತ್ತರ ಈ ಮೂರರ ಗುಣಲಬ್ಧವೇ ಪ್ರಚ್ಛನ್ನ ಶಕ್ತಿ ಎಂದು ಬಾಯಿಪಾಠ ಮಾಡಿಸುತ್ತಾರೆ. ಎತ್ತರವನ್ನು ಎಲ್ಲಿಂದ ಅಳೆಯಬೇಕು ಎಂದು ಯಾರೂ ಕೇಳುವುದಿಲ್ಲ. ಕೋಟೆಯ ಬಂಡೆಯ ಎತ್ತರವನ್ನು ಬೆಟ್ಟದ ಬುಡದಿಂದ ಅಳೆಯಬೇಕೇ, ಸಮುದ್ರ ಮಟ್ಟದಿಂದ ಅಳೆಯಬೇಕೇ, ಪಕ್ಕದ ಮೆಟ್ಟಿಲಿನಿಂದ ಅಳೆಯಬೇಕೇ? ಮೂರಕ್ಕೂ ಬೇರೆ ಬೇರೆ ಉತ್ತರ ಬರುತ್ತದೆ, ಮೂರೂ ಸರಿ.

ಮಳೆಗಾಲದಲ್ಲಿ ಪತ್ರಿಕೆಗಳಲ್ಲಿ ಬರುವ ಜಲಾಶಯಗಳ ನೀರಿನ ಮಟ್ಟದ ಪಟ್ಟಿಯನ್ನು ಒಮ್ಮೆ ನೋಡಿ. ಭದ್ರಾ ಜಲಾಶಯದ ಗರಿಷ್ಠ ಮಟ್ಟ 186 ಅಡಿ. ಹಿರಿಯೂರಿನ ಬಳಿಯ ವಾಣಿವಿಲಾಸ ಸಾಗರದ್ದು 130 ಅಡಿ. ಅದೇ ಪಟ್ಟಿಯಲ್ಲಿ ತುಂಗಭದ್ರಾ ಎಂದರೆ 1,633 ಅಡಿ! ಹಾಗೆಂದು ಹೊಸಪೇಟೆಯ ಅಣೆಕಟ್ಟೆ ಭದ್ರಾ ಅಣೆಕಟ್ಟೆಗಿಂತ ಒಂಬತ್ತು ಪಟ್ಟು ಎತ್ತರ ಎಂದು ಭದ್ರಾ ನಾಲೆಯನ್ನು ನಂಬಿ ಭತ್ತ ಬೆಳೆಯುವ ದಾವಣಗೆರೆಯ ಯಾವ ರೈತರೂ ತಿಳಿಯುವುದಿಲ್ಲ. ತುಂಗಭದ್ರೆಯ ಲೆಕ್ಕ ಸಮುದ್ರ ಮಟ್ಟದಿಂದ ಶುರುವಾಗುತ್ತದೆ, ಭದ್ರೆಯದು ಅಲ್ಲಿಯದೇ ತಳದಿಂದ. ರೈತರು ನೋಡುವುದು ನಿನ್ನೆಗಿಂತ ಇಂದು ಎಷ್ಟು ಅಡಿ ಏರಿತು, ಇನ್ನೆಷ್ಟು ಬಾಕಿ ಎಂಬ ವ್ಯತ್ಯಾಸವನ್ನು. ಪ್ರಚ್ಛನ್ನ ಶಕ್ತಿಯ ವಿಷಯದಲ್ಲೂ ಭೌತವಿಜ್ಞಾನ ಆ ರೈತರ ಪಕ್ಷವೇ. ಸೊನ್ನೆಯನ್ನು ಎಲ್ಲಿ ಬೇಕಾದರೂ ಇಟ್ಟುಕೊಳ್ಳಿ. ಎಲ್ಲ ಅಂಕಿಗಳಿಗೂ ಒಂದೇ ಸಂಖ್ಯೆಯನ್ನು ಕೂಡಿಸಿದರೆ ಅವುಗಳ ನಡುವಿನ ವ್ಯತ್ಯಾಸ ಬದಲಾಗುವುದಿಲ್ಲ, ಆದ್ದರಿಂದ ಬಲವೂ ಬದಲಾಗುವುದಿಲ್ಲ.

ಇನ್ನೊಂದು ಮಾತು. ಪ್ರಚ್ಛನ್ನ ಶಕ್ತಿ ಬಂಡೆಯೊಳಗೆ ಎಲ್ಲೋ ಅಡಗಿ ಕುಳಿತಿದೆ ಎಂದು ಕಲ್ಪಿಸಿಕೊಳ್ಳಬೇಡಿ. ಬಂಡೆಯನ್ನು ಒಡೆದು ಪುಡಿ ಮಾಡಿ ನೋಡಿದರೂ ಅದು ಸಿಗುವುದಿಲ್ಲ. ಅದು ಬಂಡೆ ಮತ್ತು ಭೂಮಿ ಈ ಜೋಡಿಗೆ ಸೇರಿದ್ದು. ಭೂಮಿಯನ್ನು ಲೆಕ್ಕದಿಂದ ತೆಗೆದರೆ ಎತ್ತರ ಎಂಬ ಮಾತಿಗೇ ಅರ್ಥವಿಲ್ಲ.

ಈಗ ಋಣ ಚಿಹ್ನೆಗೆ ಬರೋಣ. ಕಲ್ಲನ್ನು ಕೈಬಿಡಿ. ಗುರುತ್ವ ಬಲ ಕೆಳಮುಖವಾಗಿದೆ, ಕಲ್ಲು ಚಲಿಸುವುದೂ ಕೆಳಕ್ಕೇ. ಬಲದ ದಿಕ್ಕಿನಲ್ಲೇ ಚಲನೆ ಇರುವುದರಿಂದ ಬಲ ಮಾಡಿದ ಕೆಲಸ ಧನಾತ್ಮಕ, ಅಷ್ಟು ಚಲನ ಶಕ್ತಿ ಹೆಚ್ಚುತ್ತದೆ. ಒಟ್ಟು ಶಕ್ತಿ ಬದಲಾಗಬಾರದು ಎಂದಿದ್ದರೆ ಚಲನ ಶಕ್ತಿಯ ಏರಿಕೆ ಬೇರೆಲ್ಲಿಂದಲೋ ಕಡಿತವಾಗಲೇಬೇಕು. ಕಡಿತವಾಗುವುದು ಪ್ರಚ್ಛನ್ನ ಶಕ್ತಿಯ ಖಾತೆಯಿಂದ. ಬಲ ಗುಣಿಸು ದೂರ ಎಷ್ಟೋ ಅಷ್ಟು ಪ್ರಚ್ಛನ್ನ ಶಕ್ತಿ ಇಳಿದಿದೆ. ‘ಇಳಿದಿದೆ’ ಎಂಬುದನ್ನು ಗಣಿತದಲ್ಲಿ ಬರೆಯುವ ಬಗೆಯೇ ಆ ಋಣ ಚಿಹ್ನೆ. ಬಲ ಯಾವಾಗಲೂ ಪ್ರಚ್ಛನ್ನ ಶಕ್ತಿ ಕಡಿಮೆಯಾಗುವ ಕಡೆಗೆ ಮುಖ ಮಾಡಿರುತ್ತದೆ ಎಂದು ಅದು ಹೇಳುತ್ತದೆ. ಕಲ್ಲು ಮೇಲಕ್ಕೆ ಹೋಗುತ್ತಿರುವಾಗಲೂ ಇದು ನಿಜ. ಮೇಲಕ್ಕೆ ಎಸೆದ ಕಲ್ಲಿನ ಚಲನೆ ಏರುಮುಖ, ಬಲ ಆಗಲೂ ಇಳಿಮುಖ, ಅದಕ್ಕೇ ಅದು ನಿಧಾನವಾಗುತ್ತದೆ. ಬಲ ತೋರಿಸುವ ಕಡೆಗೇ ವಸ್ತು ಹೋಗುತ್ತಿರಬೇಕು ಎಂಬ ನಿಯಮವೇನೂ ಇಲ್ಲ.

ಇಲ್ಲಿಯವರೆಗಿನದು ಪುಸ್ತಕದಲ್ಲೂ ಸಿಗುತ್ತದೆ. ನಿಮ್ಮ ಪ್ರಶ್ನೆಯಲ್ಲಿ ಬಂಡೆ ಇರುವುದರಿಂದ ಅದನ್ನೇ ಸ್ವಲ್ಪ ಹತ್ತಿರದಿಂದ ನೋಡೋಣ. ದುರ್ಗದ ಬೆಟ್ಟಗಳಲ್ಲಿ ಒಂದರ ಮೇಲೊಂದು ಕುಳಿತ ಬಂಡೆಗಳನ್ನು ಕಂಡವರೆಲ್ಲ ಒಮ್ಮೆಯಾದರೂ ‘ಇದು ಏಕೆ ಉರುಳುತ್ತಿಲ್ಲ’ ಎಂದು ಕೇಳಿಕೊಂಡಿರುತ್ತಾರೆ. ನಿಜವಾದ ಬಂಡೆಗಳ ಆಕಾರ ಅಡ್ಡಾದಿಡ್ಡಿ, ಲೆಕ್ಕಕ್ಕೆ ಸಿಗುವುದಿಲ್ಲ. ಅದಕ್ಕಾಗಿ ಎಲ್ಲ ಬದಿಗಳೂ 2 ಮೀಟರ್ ಇರುವ ಘನಾಕಾರದ ಬಂಡೆಯೊಂದು ಸಮತಟ್ಟಾದ ಕಲ್ಲಿನ ಮೇಲೆ ಕುಳಿತಿದೆ ಎಂದುಕೊಳ್ಳಿ. ಇಂಥ ಕಲ್ಲು ಘನ ಮೀಟರಿಗೆ ಸುಮಾರು 2,700 ಕಿಲೋಗ್ರಾಂ ತೂಗುತ್ತದೆ, ಹಾಗಾಗಿ ಬಂಡೆಯ ದ್ರವ್ಯರಾಶಿ 21,600 ಕಿಲೋಗ್ರಾಂ, ಅದರ ಮೇಲಿನ ಗುರುತ್ವ ಬಲ ಸುಮಾರು 2.12 ಲಕ್ಷ ನ್ಯೂಟನ್.

ಇದನ್ನು ಒಂದು ಅಂಚಿನ ಮೇಲೆ ವಾಲಿಸಿ ಮಗುಚಬೇಕು. ಅಂಚು ಜಾರುವುದಿಲ್ಲ, ಪುಡಿಯಾಗುವುದೂ ಇಲ್ಲ ಎಂದಿಟ್ಟುಕೊಳ್ಳೋಣ. ಮೊದಲು ಬಂಡೆಯ ಗುರುತ್ವ ಕೇಂದ್ರ ತಳದಿಂದ 1 ಮೀಟರ್ ಎತ್ತರದಲ್ಲಿರುತ್ತದೆ. ವಾಲುತ್ತ ಹೋದಂತೆ ಅದು ಏರುತ್ತದೆ, 45 ಡಿಗ್ರಿ ತಲುಪಿದಾಗ ಸರಿಯಾಗಿ ಅಂಚಿನ ನೆತ್ತಿಯ ಮೇಲೆ 1.414 ಮೀಟರ್ ಎತ್ತರದಲ್ಲಿ ನಿಲ್ಲುತ್ತದೆ. ಒಟ್ಟು ಏರಿಕೆ 0.414 ಮೀಟರ್, ಅಂದರೆ ಮೊಣಕೈಯಿಂದ ಬೆರಳ ತುದಿಯವರೆಗಿನ ಉದ್ದಕ್ಕಿಂತ ತುಸು ಕಡಿಮೆ. ಅದಕ್ಕೆ ಬೇಕಾದ ಶಕ್ತಿ ಸುಮಾರು 87,600 ಜೂಲ್.

ಇದು ದೊಡ್ಡ ಸಂಖ್ಯೆಯೇ? ಆಹಾರದ ಲೆಕ್ಕದಲ್ಲಿ ಹೇಳುವುದಾದರೆ ಸುಮಾರು 21 ಕಿಲೋಕ್ಯಾಲರಿ. ಮೂರು ಗ್ರಾಂ ಬೆಣ್ಣೆಯಲ್ಲಿ ಇಷ್ಟು ಶಕ್ತಿ ಇರುತ್ತದೆ, ದಾವಣಗೆರೆಯ ಒಂದು ದೋಸೆಯ ಮೇಲೆ ಅದಕ್ಕಿಂತ ಹೆಚ್ಚೇ ಬೀಳುತ್ತದೆ. ಹಾಗಾದರೆ ದೋಸೆ ತಿಂದವರೆಲ್ಲ ದುರ್ಗದ ಬಂಡೆಗಳನ್ನು ಏಕೆ ಮಗುಚುತ್ತಿಲ್ಲ? ಬಂಡೆಯ ಬದಿಗೆ ಲಂಬವಾಗಿ, ಅದರ ಮೇಲ್ತುದಿಯಲ್ಲಿ ಕೈಯಿಟ್ಟು ತಳ್ಳಿದರೂ ಮೊದಲು ಅದನ್ನು ಅಲುಗಿಸಲು ಬಂಡೆಯ ತೂಕದ ಅರ್ಧದಷ್ಟು, ಅಂದರೆ ಸುಮಾರು 1.06 ಲಕ್ಷ ನ್ಯೂಟನ್ ಬಲ ಬೇಕು. ಗಟ್ಟಿಮುಟ್ಟಾದ ಆಳೊಬ್ಬ 500 ನ್ಯೂಟನ್ ಬಲದಿಂದ ತಳ್ಳುತ್ತಾನೆ ಎಂದರೂ 200ಕ್ಕೂ ಹೆಚ್ಚು ಜನ ಒಮ್ಮೆಗೇ ಕೈ ಹಾಕಬೇಕು, ಎರಡು ಮೀಟರ್ ಅಗಲದ ಬಂಡೆಗೆ! ಶಕ್ತಿ ಅಗ್ಗ, ಬಲ ದುಬಾರಿ. ಅಷ್ಟೂ ಶಕ್ತಿಯ ಏರಿಕೆ ತೀರ ಕಡಿಮೆ ದೂರದಲ್ಲಿ ಕಿಕ್ಕಿರಿದಿರುವುದೇ ಇದಕ್ಕೆ ಕಾರಣ.

ಇನ್ನೂ ಮುಂದೆ ನೋಡಿ. ಬಂಡೆ 30 ಡಿಗ್ರಿ ವಾಲುವ ಹೊತ್ತಿಗೆ ಗುರುತ್ವ ಕೇಂದ್ರ 0.366 ಮೀಟರ್ ಏರಿರುತ್ತದೆ. ಅಂದರೆ ಏರಬೇಕಾದ ಶಕ್ತಿಯಲ್ಲಿ ಶೇಕಡ 88ರಷ್ಟನ್ನು ಆಗಲೇ ಏರಿಯಾಗಿದೆ. ಆದರೆ ಬೇಕಾದ ಬಲ? ಸುಮಾರು 38,700 ನ್ಯೂಟನ್, ಆರಂಭದ ಬಲದ ಮೂರನೇ ಒಂದು ಪಾಲಿಗಿಂತ ತುಸು ಹೆಚ್ಚು. 45 ಡಿಗ್ರಿಗೆ ಬಂದಾಗ ಪ್ರಚ್ಛನ್ನ ಶಕ್ತಿ ತನ್ನ ಗರಿಷ್ಠ ಮಟ್ಟದಲ್ಲಿದೆ, ತಳ್ಳಲು ಬೇಕಾದ ಬಲ ಸೊನ್ನೆ. ಅಲ್ಲಿಂದಾಚೆ ಬೆರಳು ಸೋಕಿದರೂ ಸಾಕು, ಉಳಿದದ್ದನ್ನು ಗುರುತ್ವವೇ ನೋಡಿಕೊಳ್ಳುತ್ತದೆ. ಶಕ್ತಿ ಏರುತ್ತ ಹೋದಂತೆ ಬಲ ಇಳಿಯುತ್ತ ಹೋದ ಈ ಉದಾಹರಣೆ ನಿಮ್ಮ ಮೊದಲ ಪ್ರಶ್ನೆಗೆ ನಾನು ಕೊಡಬಲ್ಲ ಅತಿ ನೇರವಾದ ಉತ್ತರ. ಸ್ಥಾನ ಬದಲಾದಂತೆ ಶಕ್ತಿ ಹೇಗೆ ಬದಲಾಗುತ್ತದೆ ಎಂದು ಗೆರೆ ಎಳೆದು ತೋರಿಸುವ ಶಕ್ತಿಯ ನಕ್ಷೆ ಎಲ್ಲಿ ಕಡಿದಾಗಿದೆಯೋ ಅಲ್ಲಿ ಬಲ ದೊಡ್ಡದು. ಎಲ್ಲಿ ಸಮತಟ್ಟಾಗಿದೆಯೋ ಅಲ್ಲಿ, ಅದು ಶಿಖರವೇ ಇರಲಿ ಕಣಿವೆಯೇ ಇರಲಿ, ಬಲವಿಲ್ಲ.

ಬೆಟ್ಟದ ತುದಿಯಲ್ಲಿ ಕುಳಿತಿದ್ದರೂ ಆ ಬಂಡೆಗಳು ಅಲ್ಲೇ ಉಳಿದಿರುವುದರ ಗುಟ್ಟೂ ಇದೇ. ಕಣ್ಣಿಗೆ ಅವು ಶಿಖರದಲ್ಲಿವೆ, ಆದರೆ ಶಕ್ತಿಯ ನಕ್ಷೆಯಲ್ಲಿ ಒಂದು ಸಣ್ಣ ಗುಳಿಯಲ್ಲಿವೆ. ಯಾವ ಕಡೆಗೆ ವಾಲಿಸಹೊರಟರೂ ಮೊದಲು ಶಕ್ತಿ ಏರಲೇಬೇಕು, ಆದ್ದರಿಂದ ಸ್ವಲ್ಪ ವಾಲಿದ ಬಂಡೆಯನ್ನು ಬಲ ಮತ್ತೆ ಹಿಂದಕ್ಕೇ ತಳ್ಳುತ್ತದೆ. ಇದು ಸ್ಥಿರ ಸಮತೋಲನ. ಅಂಚಿನ ಮೇಲೆ 45 ಡಿಗ್ರಿಯಲ್ಲಿ ನಿಂತ ಬಂಡೆಯದು ಅಸ್ಥಿರ ಸಮತೋಲನ. ಎರಡರಲ್ಲೂ ಬಲ ಸೊನ್ನೆ, ಆದರೆ ಒಂದರ ಸುತ್ತ ಏರು, ಇನ್ನೊಂದರ ಸುತ್ತ ಇಳಿಜಾರು.

ಕೋಟೆ ಕಟ್ಟಿದವರಿಗೆ ಅವಕಲನ ಗೊತ್ತಿರಬೇಕಾಗಿರಲಿಲ್ಲ. ಹಾರೆ ಹಾಕಿ ಮೀಟುವವರು, ಕಲ್ಲನ್ನು ಇಳಿಜಾರಿನ ಮೇಲೆ ಎಳೆದೊಯ್ಯುವವರು ಮಾಡುವುದೆಲ್ಲ ಶಕ್ತಿಯ ಏರಿಕೆಯನ್ನು ಉದ್ದಕ್ಕೆ ಹರವುವ ಕೆಲಸವೇ. 50 ಕಿಲೋಗ್ರಾಂ ಕಲ್ಲನ್ನು 2 ಮೀಟರ್ ನೇರವಾಗಿ ಎತ್ತಲು 490 ನ್ಯೂಟನ್ ಬೇಕು. 10 ಮೀಟರ್ ಉದ್ದದ ಇಳಿಜಾರಿನಲ್ಲಿ ಅದೇ 2 ಮೀಟರ್ ಏರಿಸಿದರೆ, ಘರ್ಷಣೆಯನ್ನು ಬಿಟ್ಟು, ಏರಿಕೆ ಅದೇ 980 ಜೂಲ್, ಆದರೆ ಹತ್ತು ಮೀಟರಿಗೆ ಹಂಚಿದೆ, ಬೇಕಾದ ಬಲ 98 ನ್ಯೂಟನ್. ಮೊದಲಿನ ಬಂಡೆಯನ್ನು ಸೂಕ್ತ ಹಾರೆಗಳಿಂದ 500 ನ್ಯೂಟನ್ ಬಲದಲ್ಲೇ ಮಗುಚಬೇಕೆಂದರೆ ಕೈ ಒಟ್ಟು 175 ಮೀಟರ್ ಚಲಿಸಬೇಕಾಗುತ್ತದೆ, ಮಧ್ಯೆ ಮಧ್ಯೆ ಬಂಡೆಯ ಕೆಳಗೆ ಚೂರುಗಲ್ಲು ಇಡುತ್ತ. ಬೇಸರದ ಕೆಲಸ, ಅಸಾಧ್ಯವಾದದ್ದಲ್ಲ.

ದಿಕ್ಕಿನ ಮಾತೂ ಇದೆ. ಬೆಟ್ಟದ ಮೇಲೆ ನಿಂತವರ ಸುತ್ತ ಒಂದೊಂದು ಕಡೆಗೆ ಒಂದೊಂದು ಇಳಿಜಾರು ಇರುತ್ತದೆ. ಬಲ ಯಾವ ಕಡೆಗೆ? ಭಾರತೀಯ ಸರ್ವೇಕ್ಷಣಾ ಇಲಾಖೆಯ ಭೂಪಟದಲ್ಲಿ ಒಂದೇ ಎತ್ತರದ ಸ್ಥಳಗಳನ್ನು ಸೇರಿಸುವ ಸಮೋನ್ನತ ರೇಖೆಗಳನ್ನು ನೀವು ನೋಡಿರಬಹುದು. ಗುರುತ್ವಕ್ಕೆ ಸಂಬಂಧಿಸಿದಂತೆ ಅವು ಸಮಾನ ಪ್ರಚ್ಛನ್ನ ಶಕ್ತಿಯ ರೇಖೆಗಳೂ ಹೌದು. ರೇಖೆಯ ಗುಂಟ ನಡೆದರೆ ಶಕ್ತಿ ಬದಲಾಗುವುದಿಲ್ಲ, ಆ ದಿಕ್ಕಿನಲ್ಲಿ ಇಳಿಜಾರಿನ ಎಳೆತವೂ ಇಲ್ಲ. ಎಳೆತವೆಲ್ಲ ರೇಖೆಗೆ ಅಡ್ಡಲಾಗಿ, ಅತಿ ಕಡಿದಾದ ಇಳಿಜಾರಿನ ಕಡೆಗೆ. ಕಾಲೇಜಿನಲ್ಲಿ ಮುಂದೆ ಗ್ರೇಡಿಯೆಂಟ್ ಎಂಬ ಮಾತು ಬಂದಾಗ ಇದನ್ನು ನೆನಪಿಸಿಕೊಳ್ಳಿ. ಗ್ರೇಡಿಯೆಂಟ್ ಅತಿ ಕಡಿದಾದ ಏರಿನತ್ತ ಮುಖ ಮಾಡುತ್ತದೆ, ಋಣ ಚಿಹ್ನೆ ಅದನ್ನು ಇಳಿಜಾರಿನತ್ತ ತಿರುಗಿಸುತ್ತದೆ. ಕೋಟೆಯಲ್ಲಿ ಗೋಪಾಲಸ್ವಾಮಿ ಹೊಂಡ ತುಂಬಿ ಹರಿದ ನೀರು ಅಕ್ಕ ತಂಗಿ ಹೊಂಡಕ್ಕೆ ಇಳಿಯುವುದೂ ಈ ದಾರಿಯನ್ನೇ ಹಿಡಿದು. ನೀರು ನಿಲ್ಲಿಸಿದ ಜನ ಆ ರೇಖೆಗಳನ್ನು ಕಾಗದದ ಮೇಲೆ ನೋಡಿರಲಿಲ್ಲ, ಬೆಟ್ಟದ ಮೇಲೆಯೇ ಓದಿದ್ದರು.

ಗುರುತ್ವವನ್ನು ಬಿಟ್ಟು ಬೇರೆ ಬಲಗಳಿಗೂ ಇದೇ ಸೂತ್ರ ಎಂಬುದನ್ನು ಬೇಗ ಹೇಳಿ ಮುಗಿಸುತ್ತೇನೆ. ಸ್ಪ್ರಿಂಗಿನ ಪ್ರಚ್ಛನ್ನ ಶಕ್ತಿ ಹಿಗ್ಗಿದ ಉದ್ದದ ವರ್ಗಕ್ಕೆ ಅನುಗುಣವಾಗಿ ಏರುತ್ತದೆ. ಅದರ ನಕ್ಷೆ ಬಟ್ಟಲಿನ ಆಕಾರದ್ದು, ನಡುವಿನಿಂದ ದೂರ ಹೋದಷ್ಟೂ ಕಡಿದು, ಅದಕ್ಕೇ ಹೆಚ್ಚು ಎಳೆದಷ್ಟೂ ಹೆಚ್ಚು ಬಲ. ಭೂಮಿಯಿಂದ ಬಹಳ ದೂರ ಹೋದರೆ ಗುರುತ್ವದ ನಕ್ಷೆಯೂ ನೇರವಾಗಿ ಉಳಿಯುವುದಿಲ್ಲ, ಮೆಲ್ಲಗೆ ಬಾಗಿ ಸಮತಟ್ಟಾಗುತ್ತ ಹೋಗುತ್ತದೆ. ಅಲ್ಲಿ ಅನಂತ ದೂರದಲ್ಲಿ ಸೊನ್ನೆ ಇಟ್ಟುಕೊಳ್ಳುವುದು ವಾಡಿಕೆ, ಹಾಗಾಗಿ ನಮ್ಮೆಲ್ಲರ ಪ್ರಚ್ಛನ್ನ ಶಕ್ತಿ ಋಣಾತ್ಮಕವಾಗುತ್ತದೆ. ಗಾಬರಿಯಾಗಬೇಕಿಲ್ಲ, ಅದು ಸೊನ್ನೆಯ ಆಯ್ಕೆಯ ಫಲ ಮಾತ್ರ. ಸುಮಾರು 6,400 ಕಿಲೋಮೀಟರ್ ತ್ರಿಜ್ಯದ ಭೂಮಿಯ ಮೇಲೆ ಕೆಲವು ನೂರು ಮೀಟರ್ ಹತ್ತುವ ನಮಗೆ ಆ ಬಾಗಿದ ನಕ್ಷೆಯ ಒಂದು ಚೂರು ನೇರ ಗೆರೆಯಂತೆ ಕಾಣುತ್ತದೆ. ನೀವು ಬಾಯಿಪಾಠ ಮಾಡಿದ ಸೂತ್ರ ಆ ಚೂರಿನದು.

ಇನ್ನು ಘರ್ಷಣೆ. ನಿಮ್ಮ ಮೂರು ಪ್ರಶ್ನೆಗಳಲ್ಲಿ ನನಗೆ ಹೆಚ್ಚು ಹಿಡಿಸಿದ್ದು ಇದೇ.

ಪ್ರಚ್ಛನ್ನ ಶಕ್ತಿ ಎಂಬುದು ಸ್ಥಳಕ್ಕೆ ಸೇರಿದ ಸಂಖ್ಯೆ. ಇಂಥ ಜಾಗದಲ್ಲಿದ್ದರೆ ಇಷ್ಟು, ಅಷ್ಟೆ. ಯಾವ ದಾರಿಯಲ್ಲಿ ಬಂದಿರಿ, ಎಷ್ಟು ವೇಗದಲ್ಲಿದ್ದೀರಿ ಎಂಬುದನ್ನು ಅದು ಕೇಳುವುದಿಲ್ಲ. ಒಂದು ಜಾಗದಲ್ಲಿ ನಕ್ಷೆಗೆ ಒಂದೇ ಇಳಿಜಾರು, ಆದ್ದರಿಂದ ಅಲ್ಲಿ ಒಂದೇ ಬಲ. ಈಗ ನೆಲದ ಮೇಲೆ ಕಲ್ಲನ್ನು ಎಳೆಯಿರಿ. ಪೂರ್ವಕ್ಕೆ ಎಳೆದರೆ ಘರ್ಷಣೆ ಪಶ್ಚಿಮಕ್ಕೆ, ಪಶ್ಚಿಮಕ್ಕೆ ಎಳೆದರೆ ಘರ್ಷಣೆ ಪೂರ್ವಕ್ಕೆ. ಅದೇ ಜಾಗ, ಅದೇ ಕಲ್ಲು, ಬಲ ಮಾತ್ರ ತಿರುಗುಮುರುಗು. ಒಂದೇ ಬಿಂದುವಿನಲ್ಲಿ ನಕ್ಷೆ ಎರಡೂ ಕಡೆಗೆ ಇಳಿಜಾರಾಗಿರಲು ಸಾಧ್ಯವಿಲ್ಲ. ಹಾಗಾಗಿ ಅಂಥ ನಕ್ಷೆಯನ್ನು ಬರೆಯಲಾಗದು. ಘರ್ಷಣೆಗೆ ಪ್ರಚ್ಛನ್ನ ಶಕ್ತಿ ಇಲ್ಲದಿರುವುದು ಯಾರೋ ಮಾಡಿದ ನಿಯಮವಲ್ಲ, ಬರೆಯಹೊರಟರೆ ಗಣಿತ ಒಪ್ಪುವುದಿಲ್ಲ.

ಇದನ್ನೇ ಸುತ್ತಿ ಬರುವ ಲೆಕ್ಕದಲ್ಲೂ ಪರೀಕ್ಷಿಸಬಹುದು. ಕಲ್ಲನ್ನು ಹೊತ್ತು ಬೆಟ್ಟ ಹತ್ತಿ ಇಳಿದು ಹೊರಟ ಜಾಗಕ್ಕೇ ಬನ್ನಿ. ಗುರುತ್ವ ಹತ್ತುವಾಗ ಕಿತ್ತುಕೊಂಡದ್ದನ್ನು ಇಳಿಯುವಾಗ ಪೈಸೆ ಬಿಡದೆ ಮರಳಿಸಿರುತ್ತದೆ, ಒಟ್ಟು ಕೆಲಸ ಸೊನ್ನೆ. ಘರ್ಷಣೆ ಹಾಗಲ್ಲ, ಅದು ಹೆದ್ದಾರಿಯ ಟೋಲ್ ಇದ್ದಂತೆ, ಹೋಗುವಾಗಲೂ ವಸೂಲಿ, ಬರುವಾಗಲೂ ವಸೂಲಿ. 245 ನ್ಯೂಟನ್ ಘರ್ಷಣೆ ಇರುವ ನೆಲದಲ್ಲಿ ಕಲ್ಲನ್ನು 10 ಮೀಟರ್ ಎಳೆದು ಮತ್ತೆ ಇದ್ದಲ್ಲಿಗೇ ತಂದರೆ 4,900 ಜೂಲ್ ಖರ್ಚಾಗಿ, ನೆಲ ಮತ್ತು ಕಲ್ಲು ಬಿಸಿಯಾಗಿ ಕೂತಿರುತ್ತವೆ. ಸುತ್ತಿ ಬಂದಾಗ ಒಟ್ಟು ಕೆಲಸ ಸೊನ್ನೆಯಾಗುವ ಬಲಗಳನ್ನು ಮಾತ್ರ ಸಂರಕ್ಷಿತ ಬಲಗಳು ಎನ್ನುತ್ತೇವೆ, ಪ್ರಚ್ಛನ್ನ ಶಕ್ತಿಯ ಭಾಗ್ಯ ಇರುವುದು ಅವಕ್ಕೆ ಮಾತ್ರ.

ಚಿತ್ರದುರ್ಗದವರಿಗೆ ಇದಕ್ಕೆ ತದ್ವಿರುದ್ಧವಾದ ಉದಾಹರಣೆಯೂ ಊರ ಸುತ್ತಲೇ ಇದೆ: ಗುಡ್ಡಗಳ ಮೇಲಿನ ಗಾಳಿಯಂತ್ರಗಳು. ರೆಕ್ಕೆಯ ತುದಿ ಒಂದು ಸುತ್ತು ತಿರುಗಿ ಹೊರಟ ಜಾಗಕ್ಕೇ ಬರುತ್ತದೆ. ರೆಕ್ಕೆಯನ್ನು ತಳ್ಳುವ ಗಾಳಿಯ ಬಲಕ್ಕೆ ಒಂದು ಪ್ರಚ್ಛನ್ನ ಶಕ್ತಿಯ ನಕ್ಷೆ ಇದ್ದಿದ್ದರೆ ಪ್ರತಿ ಸುತ್ತಿಗೂ ಒಟ್ಟು ಕೆಲಸ ಸೊನ್ನೆಯಾಗಿ, ಒಂದು ಯೂನಿಟ್ ವಿದ್ಯುತ್ ಕೂಡ ಸಿಗುತ್ತಿರಲಿಲ್ಲ. ಗಾಳಿಯ ಬಲ ಆ ಜಾತಿಯದ್ದಲ್ಲ ಎಂಬುದರಿಂದಲೇ ಆ ಯಂತ್ರಗಳು ದುಡಿಯುತ್ತಿವೆ. ಇಲ್ಲಿ ಸುತ್ತಿ ಬಂದಾಗಲೆಲ್ಲ ಲಾಭ, ಘರ್ಷಣೆಯಲ್ಲಿ ಸುತ್ತಿ ಬಂದಾಗಲೆಲ್ಲ ನಷ್ಟ.

ಕಾಕತಾಳೀಯವೆಂಬಂತೆ, ಈ ವಿಷಯದ ಗಣಿತಕ್ಕೆ ಭದ್ರ ಬುನಾದಿ ಹಾಕಿದವರಲ್ಲಿ ಒಬ್ಬರು ಗಾಳಿಗಿರಣಿಯವರೇ. ಇಂಗ್ಲೆಂಡಿನ ನಾಟಿಂಗ್‌ಹ್ಯಾಮ್ ಬಳಿ ತಂದೆ ಕಟ್ಟಿಸಿದ ಗಿರಣಿಯಲ್ಲಿ ಹಿಟ್ಟು ಬೀಸುತ್ತ, ಹೆಚ್ಚುಕಡಿಮೆ ಸ್ವಂತವಾಗಿ ಗಣಿತ ಕಲಿತ ಜಾರ್ಜ್ ಗ್ರೀನ್ 1828ರಲ್ಲಿ ವಿದ್ಯುತ್ತು ಮತ್ತು ಕಾಂತತ್ವದ ಕುರಿತ ಪ್ರಬಂಧವೊಂದನ್ನು ಚಂದಾದಾರರ ಹಣದಿಂದ ಅಚ್ಚು ಹಾಕಿಸಿದರು. ಮೂರು ದಿಕ್ಕಿನ ಬಲಗಳನ್ನು ಬೇರೆ ಬೇರೆಯಾಗಿ ಲೆಕ್ಕ ಹಾಕುವ ಬದಲು ಒಂದೇ ಸಂಖ್ಯೆಯ ನಕ್ಷೆಯಿಂದ ಅವೆಲ್ಲವನ್ನೂ ಹೊರತೆಗೆಯುವ ವಿಧಾನ ಅದರಲ್ಲಿದೆ. ಲಗ್ರಾಂಜ್ ಮತ್ತು ಲಪ್ಲಾಸ್ ಗುರುತ್ವಕ್ಕೆ ಇದನ್ನು ಮೊದಲೇ ಬಳಸಿದ್ದರು. ಪ್ರಚ್ಛನ್ನ ಶಕ್ತಿ ಎಂದು ನಾವು ಕರೆಯುವುದಕ್ಕೆ ಇಂಗ್ಲಿಷ್ ಹೆಸರನ್ನು ಸ್ಕಾಟ್ಲೆಂಡಿನ ಎಂಜಿನಿಯರ್ ರ‍್ಯಾಂಕಿನ್ ಕೊಟ್ಟದ್ದು 1853ರಲ್ಲಿ. ಅಂದರೆ ನ್ಯೂಟನ್ನನ ಬಲ ಬಂದು ಒಂದೂವರೆ ಶತಮಾನ ಕಳೆದ ಮೇಲೆ.

ಹಾಗಾದರೆ ಎರಡರಲ್ಲಿ ಯಾವುದು ಮೂಲ ಎಂದು ನೀವು ಮುಂದೆ ಕೇಳಬಹುದು. ನಿಮ್ಮ ಪಠ್ಯದ ಮಟ್ಟದಲ್ಲಿ ಎರಡೂ ಒಂದೇ ಮಾಹಿತಿಯನ್ನು ಹೇಳುತ್ತವೆ. ನಕ್ಷೆ ಇದ್ದರೆ ಇಳಿಜಾರು ಸಿಗುತ್ತದೆ, ಎಲ್ಲ ಕಡೆಯ ಇಳಿಜಾರು ಗೊತ್ತಿದ್ದರೆ ನಕ್ಷೆಯನ್ನು ಮತ್ತೆ ಕಟ್ಟಬಹುದು, ಸೊನ್ನೆ ಎಲ್ಲಿ ಎಂಬುದೊಂದನ್ನು ಬಿಟ್ಟು. ಆದರೆ ಪರಮಾಣುವಿನ ಲೋಕಕ್ಕೆ ಇಳಿದಾಗ, 1926ರಲ್ಲಿ ಶ್ರೋಡಿಂಗರ್ ಬರೆದ ಸಮೀಕರಣದಲ್ಲಿ ಬಲ ಎಂಬ ಪದವೇ ಇಲ್ಲ, ಇರುವುದು ಪ್ರಚ್ಛನ್ನ ಶಕ್ತಿ. ನನ್ನನ್ನು ಕೇಳಿದರೆ, ಸದ್ಯಕ್ಕೆ ಆ ತರ್ಕಕ್ಕೆ ಹೋಗಬೇಡಿ. ಪರೀಕ್ಷೆಯಲ್ಲಿ ಪ್ರಚ್ಛನ್ನ ಶಕ್ತಿಯ ನಕ್ಷೆಯೊಂದನ್ನು ಕೊಟ್ಟು ಬಲ ಎಲ್ಲಿ ಹೆಚ್ಚು ಎಂದು ಕೇಳಿದರೆ ಅದರ ಅತಿ ಎತ್ತರದ ಬಿಂದುವಿಗೆ ಬೆರಳು ಹೋಗದಂತೆ ನೋಡಿಕೊಳ್ಳಿ. ಅತಿ ಕಡಿದಾದ ಜಾಗವನ್ನು ಹುಡುಕಿ, ಅಲ್ಲೊಂದು ಸ್ಪರ್ಶಕ ಎಳೆದು ಅದರ ಇಳಿಜಾರನ್ನು ಅಳೆಯಿರಿ, ಚಿಹ್ನೆಯನ್ನು ತಿರುಗಿಸಿ ಬರೆಯಿರಿ.